ಐಸ್ ಡಬ್ಬಿ

ನನ್ನ ಬಾಯಿ ಜೋರು. ಅದರಲ್ಲಿ ಮುಚ್ಚಿಡುವುದೇನಿಲ್ಲ. ಜಮಖಂಡಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ರಕ್ತ ಪರೀಕ್ಷೆ ಮಾಡಿದವಳು ನಾನು, ದಾನೇಶ್ವರಿ. ಮೆಲ್ಲಗೆ ಹೇಳಿದರೆ ಯಾರೂ ಕೇಳುವುದಿಲ್ಲವೆಂದು ಮೊದಲ ತಿಂಗಳಲ್ಲೇ ಕಲಿತೆ. ಹಸಿದ ಹೊಟ್ಟೆಯಲ್ಲಿ ಬನ್ನಿ ಅಂದರೆ ನಾಷ್ಟಾ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬರುತ್ತಾರೆ. ಬೈದರೆ ಮಾತ್ರ ನೆನಪಿಡುತ್ತಾರೆ. ಇದು ನನ್ನ ನಂಬಿಕೆಯಾಗಿತ್ತು.

೨೦೦೯ರಲ್ಲಿ ನಮ್ಮ ಮಕ್ಕಳ ಡಾಕ್ಟರ್ ಸಿದ್ದಾರೂಢ ಒಂದು ಅಧ್ಯಯನ ಶುರು ಮಾಡಿದರು. ನಮ್ಮಲ್ಲಿ ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಪ್ಲೇಟ್‌ಲೆಟ್ ಎಣಿಸಬೇಕು. ಗಾಯವಾದರೆ ರಕ್ತ ನಿಲ್ಲಿಸುವ ಕಣಗಳವು. ಇನ್ನೂರು ಕೂಸುಗಳ ಲೆಕ್ಕ ಬೇಕಂತೆ. ಮಷೀನಿನ ಮೇಲೆ ಅವರಿಗೆ ಭರವಸೆಯಿಲ್ಲ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನಾನೇ ಎಣಿಸಬೇಕು.

"ಗಟ್ಟಿಮುಟ್ಟ ಕೂಸಿಗೆ ಸೂಜಿ ಚುಚ್ಚಿ ಅಳಸೂದು ಎದಕ್ಕ ಬೇಕ್ರಿ ಡಾಕ್ಟರ್?" ಎಂದು ಸಿಡುಕಿದೆ.

"ಹುನ್ನೂರ ಹಾಲೇಶನ ಕೂಸು ನೆನಪೈತೇನ್ರಿ?" ಅಂದರು. 

ಅದು ಹಿಂದಿನ ವರ್ಷದ ಮಾತು. ಹುನ್ನೂರ ಹಳ್ಳಿಯ ಕುರಿ ಸಾಕುವ ಮನೆತನದ ಹಾಲೇಶನ ಹೆಂಡತಿ ರೇಷ್ಮಾಳಿಗೆ ಚೊಚ್ಚಲ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಅವಳ ಮಾವ ಹಾಲಸಿದ್ದಪ್ಪ ಬಾಗಲಕೋಟೆಯಿಂದ ರಕ್ತದ ಬಾಟಲಿ ತಂದ. ಥರ್ಮೋಕೋಲ್ ಡಬ್ಬಿ ತೆರೆದರೆ ಐಸ್ ಪೂರ್ತಿ ಕರಗಿ ನೀರಾಗಿತ್ತು. ದಾರಿಯಲ್ಲಿ ಚಹಾಕ್ಕೆ ನಿಂತಿದ್ದನಂತೆ. ವರಾಂಡದ ತುಂಬ ಜನರಿದ್ದರು. ನಾನು ಲೆಕ್ಕಿಸಲಿಲ್ಲ.

"ಏನ್ರಿ ಯಜಮಾನ್ರ, ಐಸ್ ಇಲ್ಲದ ರಕ್ತ ಅಂದ್ರ ವಿಷ. ಮನೀ ಮಂದೀನ ನೀವ ಕೊಲ್ಲವ್ರಿದ್ದೀರೇನು?" ಅಂದೆ. ಹಣೆ ತುಂಬ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿಕೊಂಡಿದ್ದ ಆ ಹಿರಿಯ ಮನುಷ್ಯ ತಲೆ ತಗ್ಗಿಸಿ ನಿಂತ. ಬೇರೆ ಬಾಟಲಿ ತರಿಸಿದೆವು, ರೇಷ್ಮಾ ಉಳಿದಳು. ಮೂರನೆಯ ದಿನ ಕೂಸಿನ ಮೈಮೇಲೆ ಕೆಂಪು ಚುಕ್ಕೆ ಎದ್ದವು, ಫಿಟ್ಸ್ ಬಂತು, ಕೂಸು ತೀರಿಕೊಂಡಿತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಆಗ ನಾವು ಏನನ್ನೂ ಎಣಿಸಿರಲಿಲ್ಲ.

೨೦೧೦ರ ಜನವರಿಯಲ್ಲಿ ರೇಷ್ಮಾ ಎರಡನೆಯ ಸಲ ಹೆತ್ತಳು. ಹೆಣ್ಣು ಕೂಸು, ನಮ್ಮ ಅಧ್ಯಯನದ ನೂರಾ ನಲವತ್ಮೂರನೆಯದು. ಬೆಳಿಗ್ಗೆ ಎಂಟಕ್ಕೆ ಹಿಮ್ಮಡಿ ಚುಚ್ಚಿದೆ. ಹತ್ತಿ ಒತ್ತಿ ಹಿಡಿದೆ. ಒಂದು ಹತ್ತಿ ತೊಯ್ದಿತು, ಎರಡನೆಯದೂ ತೊಯ್ದಿತು. ಹೊಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದವು.

"ಸೊಳ್ಳಿ ಕಡದಾವ ಬಿಡ್ರಿ," ಅಂದಳು ಅಜ್ಜಿ ಸುಂದರವ್ವ.

ಎಣಿಸಿದೆ. ನಂಬದೆ ಮತ್ತೆ ಎಣಿಸಿದೆ. ಹಿಮ್ಮಡಿಯ ರಕ್ತ ಬೇಗ ಹೆಪ್ಪುಗಟ್ಟಿ ಲೆಕ್ಕ ಕಡಿಮೆ ತೋರಿಸುವುದುಂಟು. ಡಾಕ್ಟರ್ ನರದಿಂದಲೇ ರಕ್ತ ತೆಗೆದುಕೊಟ್ಟರು. ಒಂದೂವರೆ ಲಕ್ಷಕ್ಕೆ ಮೇಲೆ ಇರಬೇಕಾದದ್ದು ಹನ್ನೊಂದು ಸಾವಿರ ಇತ್ತು. 

"ತಾಯಿ ರಕ್ತಾನ ಕೂಸಿನ ಪ್ಲೇಟ್‌ಲೆಟ್ ಕೊಲ್ಲಾಕತ್ತೈತಿ," ಅಂದರು ಡಾಕ್ಟರ್. "ಮೊದಲ್ನೇದಕ್ಕೂ ಇದ ಆಗಿರಬೇಕು. ತಲಿಯೊಳಗ ನರ ಒಡದು ರಕ್ತ ಸೋರೂದರೊಳಗ ಪ್ಲೇಟ್‌ಲೆಟ್ ಏರಿಸಬೇಕು. ಕೂಸಿನ್ನ ಜೀಪಿನ್ಯಾಗ ಕುಲುಕಾಡಿಸ್ಕೋತ ಒಯ್ಯಾಕ ನನಗ ಧೈರ್ಯಿಲ್ಲ. ಮಿರಜದಿಂದ ಬ್ಯಾಗ್ ತರಸೂಣು. ಐಸ್ ಮಾತ್ರ ಹಾಕಬಾರದು, ತಂಪ್ ಹತ್ತಿದ್ರ ಕೆಡತೈತಿ. ಕೈಯಾಗ ಹಿಡದು ಮೆಲ್ಲಕ ತೂಗಿಕೋತ ತರಬೇಕು. ಹೋಗವ್ರಿಗೆ ಹೇಳ್ರಿ."

ನಮ್ಮ ಆಸ್ಪತ್ರೆಗೆ ಅಲ್ಲಿಯತನಕ ಒಂದೂ ಪ್ಲೇಟ್‌ಲೆಟ್ ಬ್ಯಾಗ್ ಬಂದಿರಲಿಲ್ಲ. ನಾನು ಕೆಳಗಿಳಿದು ಬರುವಷ್ಟರಲ್ಲಿ ನರ್ಸ್ ಡಾಕ್ಟರ ಚೀಟಿ ಕೊಟ್ಟು ಆಸ್ಪತ್ರೆಯ ಜೀಪು ಕಳಿಸಿಬಿಟ್ಟಿದ್ದಳು. ಹಾಲೇಶ ಹೆಂಡತಿಯ ಹತ್ತಿರ ಉಳಿದಿದ್ದ, ಹೋದವನು ಹಾಲಸಿದ್ದಪ್ಪ. ಡ್ರೈವರ್ ತುಕಾರಾಮನ ಮೊಬೈಲ್ ಹತ್ತಲಿಲ್ಲ. ಮಿರಜದ ರಕ್ತ ಭಂಡಾರಕ್ಕೇ ಫೋನ್ ಹಚ್ಚಿದೆ. "ನಾವ ಹೇಳ್ತೇವ್ರಿ," ಅಂದರು. ಸಮಾಧಾನವಾಯಿತು. ಬೆಳಿಗ್ಗೆ ಮುದುಕ ವರಾಂಡದಲ್ಲಿ ಕೂತಿದ್ದಾಗ ಅವನ ಕಂಬಳಿಯ ಕೆಳಗೆ ಬಿಳಿ ಡಬ್ಬಿಯೊಂದರ ಮೂಲೆ ಕಂಡಿತ್ತು. ಬುತ್ತಿ ಇರಬೇಕೆಂದುಕೊಂಡಿದ್ದೆ.

ಮಧ್ಯಾಹ್ನದ ಹೊತ್ತಿಗೆ ಕೂಸು ಅಳುವುದನ್ನು ಬಿಟ್ಟಿತು. "ಛಲೋ ನಿದ್ದಿ ಹತ್ತೈತಿ," ಅಂದಳು ರೇಷ್ಮಾ. ನಾನೂ ಡಾಕ್ಟರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೆತ್ತಿ ಮುಟ್ಟಿದರೆ ಬಿಗಿಯಾಗಿತ್ತು, ಒಳಗೆ ರಕ್ತ ಸೋರತೊಡಗಿದ ಗುರುತು. ಕಬ್ಬಿನ ಸುಗ್ಗಿ ಬೇರೆ, ರಬಕವಿಯಿಂದ ತೇರದಾಳದವರೆಗೆ ಮಿರಜದ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಗೇಟಿನಲ್ಲಿ ಏನು ಸದ್ದಾದರೂ ನಾನು ಕಿಟಕಿಗೆ ಓಡುತ್ತಿದ್ದೆ.

ನಾಲ್ಕಕ್ಕೆ ಜೀಪು ಬಂತು. ಹಾಲಸಿದ್ದಪ್ಪ ಆ ಬಿಳಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲೇರಿ ಬಂದು ನನ್ನ ಮುಂದೆಯೇ ಇಟ್ಟ. ಅವನ ಮುಖ ಅರಳಿತ್ತು.

"ತಗೋರಿ ಅಕ್ಕಾರ. ಈ ಸಲಾ ಒಂದ್ ಹನಿ ಕರಗಿಲ್ಲ."

ಮುಚ್ಚಳ ತೆಗೆದೆ. ಐಸ್ ಗಡ್ಡೆಗಳ ನಡುವೆ ಹಳದಿ ಬಣ್ಣದ ಬ್ಯಾಗ್ ಕಲ್ಲಿನಂತೆ ಕೂತಿತ್ತು.

"ಮಿರಜದಾಗ ಐಸ್ ಬ್ಯಾಡ ಅಂದ್ರು," ಅಂದ ಮುದುಕ. "ಅವ್ರೇನ್ ಹೇಳ್ತಾರ ಬಿಡ್ರಿ. ಕುಡಚಿಯಾಗ ಒಮ್ಮಿ, ತೇರದಾಳದಾಗ ಒಮ್ಮಿ ಹೊಸಾ ಐಸ್ ತುಂಬಿಸೇನಿ. ಚಾ ಸುದ್ಧಾ ಕುಡದಿಲ್ರಿ. ಮೊದಲ್ನೇ ಕೂಸು ನನ್ನ ಕೈಯಿಂದ ಹೋತು. ಇದನ್ನ ಉಳಿಸ್ಕೋಬೇಕ್ರಿ."

ಆಗ ನನಗೆ ತಿಳಿಯಿತು. ಕರಗಿದ ಐಸಿನಿಂದಲೇ ಆ ಕೂಸು ಸತ್ತಿತೆಂದು ಎರಡು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದಾನೆ ಈ ಮನುಷ್ಯ. ಅದನ್ನು ಅಲ್ಲಿಟ್ಟವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಡಾಕ್ಟರ್ ಬ್ಯಾಗ್ ಮುಟ್ಟಿ ನೋಡಿದರು, ಒಳಗೆ ಹೋಗಿ ಇನ್ನೊಂದಕ್ಕೆ ಫೋನ್ ಮಾಡಿದರು. ತುಕಾರಾಮ ನೀರು ಕುಡಿದು ಮತ್ತೆ ಜೀಪು ತಿರುಗಿಸಿದ. ಐದೂವರೆಗೆ ಕೂಸಿಗೆ ಮೊದಲ ಫಿಟ್ಸ್ ಬಂತು. ದೀಪ ಹಚ್ಚುವ ಹೊತ್ತಿಗೆ ಕೂಸಿನ ಉಸಿರು ನಿಂತಿತ್ತು. ಜೀಪು ಇನ್ನೂ ಮಿರಜ ಮುಟ್ಟಿರಲಿಲ್ಲ.

ತಲೆಯೊಳಗೆ ನರ ಒಡೆದು ರಕ್ತ ಸೋರಿತು ಎಂದಷ್ಟೇ ಡಾಕ್ಟರ್ ಮನೆಯವರಿಗೆ ಹೇಳಿದರು, ಐಸಿನ ಮಾತು ಎತ್ತಲಿಲ್ಲ. ಹೇಳುವಾಗ ನನ್ನ ಕಡೆ ಒಮ್ಮೆ ನೋಡಿದರು.

ಮೂರನೆಯ ದಿನ ರೇಷ್ಮಾಳನ್ನು ಮನೆಗೆ ಕಳಿಸಿದೆವು. ಅವಳನ್ನು ಜೀಪಿನಲ್ಲಿ ಕೂಡ್ರಿಸಿ ಹಾಲಸಿದ್ದಪ್ಪ ತಿರುಗಿ ನನ್ನ ಬಾಗಿಲಿಗೆ ಬಂದ. ಬಗಲಲ್ಲಿ ಅದೇ ಡಬ್ಬಿ.

"ಅಕ್ಕಾರ, ಐಸ್ ಕಡಿಮಿ ಆತೇನ್ರಿ?"

 ಇಲ್ಲವೆಂದು ತಲೆಯಾಡಿಸಿದೆ.

"ಮುಂದಿನ ಕೂಸಿಗೂ ಹಿಂಗ ಆಗಬಹುದು, ಮೊದಲ ಬಂದು ತೋರಸ್ರಿ ಅಂದಾರ ಡಾಕ್ಟರ್. ಆವಾಗ ಇದಕ್ಕಿಂತ ದೊಡ್ಡ ಡಬ್ಬಿ ತರ್ತೀನ್ರಿ," ಎಂದು ಮೆಟ್ಟಿಲಿಳಿಯತೊಡಗಿದ.

ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅವನಿಗೂ ರಾತ್ರಿ ನಿದ್ದೆ ಬರುತ್ತಿತ್ತು. ಆದರೆ ಆ ದೊಡ್ಡ ಡಬ್ಬಿ ಖರೆಯಾಗಿಯೂ ಬರುತ್ತಿತ್ತು.

"ನಿಲ್ರಿ ಯಜಮಾನ್ರ," ಅಂದೆ.

ಅವನು ನಿಂತ. ಡಬ್ಬಿಯನ್ನು ಕೆಳಗಿಟ್ಟು, ಅವತ್ತು ವರಾಂಡದಲ್ಲಿ ನಿಂತಂತೆಯೇ ತಲೆ ತಗ್ಗಿಸಿದ.

"ಬೈರಿ ಅಕ್ಕಾರ. ನೀವು ಬೈದದ್ದು ನೆನಪ ಉಳೀತೈತಿ."

ನಾನು ಮೆಟ್ಟಿಲ ಮೇಲೆ ಕೂತು ಅವನನ್ನೂ ಕೂಡ್ರಿಸಿಕೊಂಡೆ. ಮೊದಲ ಕೂಸು ಹೋದದ್ದು ಐಸಿನಿಂದಲ್ಲ, ಈ ಬ್ಯಾಗಿಗೆ ಐಸೇ ಹಾಕಬಾರದಿತ್ತು, ತಪ್ಪು ಕಲಿಸಿದವಳು ನಾನೇ ಎಂದು ಅವತ್ತು ಮೆಲ್ಲಗೆ ಹೇಳಿದೆ. ಮುದುಕ ಒಂದೂ ಮಾತು ಬಿಡದೆ ಕೇಳಿದ.