ಹಗುರ ಮುಳ್ಳು

ಅಕ್ಕನ ಎರಡನೆಯ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದವನು ಅವಳ ತಮ್ಮ, ಮಾವ. ಅಕ್ಕನಿಗೆ ಆಗ ಐವತ್ತಾರು, ಅವನಿಗೆ ಐವತ್ಮೂರು. ನೋಂದಣಿ ಕಚೇರಿಯ ಮೇಜಿಗೆ ಬಗ್ಗಿ, ನಕ್ಷೆಯ ಮೂಲೆಯಲ್ಲಿ ಹಾಕುವ ಹಾಗೆ ಚಿಕ್ಕದಾಗಿ, ನೇರವಾಗಿ ಸಹಿ ಹಾಕಿದ. ಪೆನ್ನಿನ ಮುಚ್ಚಳ ಮುಚ್ಚಿ ಪಕ್ಕಕ್ಕೆ ಸರಿದು ನಿಂತ.

ಅವನಿಗೆ ಬೇರೆ ಹೆಸರಿತ್ತು. ಆದರೆ ಅಕ್ಕನ ಇಬ್ಬರು ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಮಾವ ಎಂದೇ ಕರೆಯುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಕೆಲಸ. ಮದುವೆಯಾಗಿರಲಿಲ್ಲ. ಹೆಣ್ಣು ಕೊಡದೆ ಊರಿಗೆಲ್ಲ ಮಾವನಾದವನು ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ.

ಅಕ್ಕನ ಮೊದಲ ಗಂಡ ತೀರಿಕೊಂಡಾಗ ಮಕ್ಕಳು ಇನ್ನೂ ಶಾಲೆಯ ಮೆಟ್ಟಿಲು ಹತ್ತಿದ್ದರಷ್ಟೇ. ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ಅವಳು ತಮ್ಮನ ಬಾಡಿಗೆ ಮನೆಗೆ ಬಂದಳು. ಬೀದಿಯ ಕಡೆಗೊಂದು, ಅಂಗಳದ ಕಡೆಗೊಂದು ಕೋಣೆ, ನಡುವೆ ಅಡುಗೆಮನೆ. ಮೊದಲ ಮಹಡಿ, ಮರದ ಹಲಗೆಯ ನೆಲ. ಸ್ವಲ್ಪ ದಿನದ ಮಟ್ಟಿಗೆ ಎಂದು ಬಂದವಳು ಮಕ್ಕಳು ಬೆಳೆದು ತಮ್ಮ ತಮ್ಮ ದಾರಿ ಹಿಡಿಯುವ ತನಕ ಇದ್ದಳು. ಮಗಳು ಈಜು ಕಲಿಸುವ ಕೆಲಸ ಹಿಡಿದು ಬೇರೆ ಊರಿಗೆ ಹೋದಳು. ಮಗ ಹಡಗಿನ ಅಡುಗೆಮನೆ ಸೇರಿದ. ಆಮೇಲೆ ಅಕ್ಕ ಕೆಲಸಕ್ಕೆ ಹೋಗುತ್ತಿದ್ದ ಪರದೆ ಅಂಗಡಿಯ ಲಿಫ್ಟು ಪದೇ ಪದೇ ಕೆಡತೊಡಗಿತು. ಅದನ್ನು ರಿಪೇರಿ ಮಾಡಲು ಬರುತ್ತಿದ್ದ ಮೆಕ್ಯಾನಿಕ್ಕಿಗೆ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಲಿಫ್ಟು ಸರಿಹೋದ ಮೇಲೂ ಆತ ಬರುವುದು ನಿಲ್ಲಲಿಲ್ಲ.

ಅಕ್ಕ ಈ ವಿಷಯ ತಿಳಿಸಿದ ದಿನ ಮಾವನಿಗೆ ನಿಜವಾಗಿಯೂ ಸಂತೋಷವಾಯಿತು. ಅವಳು ಮಾತ್ರ ಅಳುಕುತ್ತಲೇ ಹೇಳಿದ್ದಳು, ಕೊನೆಗೆ, ನೀನೊಬ್ಬನೇ ಏನು ಮಾಡ್ತೀಯೋ, ಎಂದು ಕೇಳಿದ್ದಳು. ಕಾಲು ಚಾಚಿಕೊಂಡು ಹಾಡು ಕೇಳ್ತೀನಿ, ಎಂದ ಮಾವ. ಅವಳ ಸಮಾಧಾನಕ್ಕೆ ಆಡಿದ ಮಾತು. ಆದರೆ ಮದುವೆಯಾಗಿ ಅವಳು ಹೊರಟುಹೋದ ಮೇಲೆ, ಹೇಳಿದ್ದನ್ನು ಮಾಡುವುದು ಬಿಟ್ಟು ಬೇರೆ ಕೆಲಸ ಅವನಿಗೆ ಉಳಿಯಲಿಲ್ಲ.

ರೆಕಾರ್ಡು ಹಾಕುವ ಹಾಡಿನ ಪೆಟ್ಟಿಗೆ ಅವನ ಹರೆಯದ ದಿನಗಳದ್ದು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಭಾರದ ಮರದ ತಳ, ಉಕ್ಕಿನ ತೋಳು, ತೋಳಿನ ತುದಿಯಲ್ಲಿ ಮುಳ್ಳು. ಅಕ್ಕನ ಮಕ್ಕಳು ಬಂದ ಮೊದಲ ತಿಂಗಳು ರೆಕಾರ್ಡು ಹಾಕಿದಾಗಲೆಲ್ಲ ಜಗಳವೇ. ಮಕ್ಕಳು ಈ ಕೋಣೆಯಿಂದ ಆ ಕೋಣೆಗೆ ಓಡಿದರೆ ಹಲಗೆ ಕುಣಿಯುತ್ತಿತ್ತು, ಹಲಗೆ ಕುಣಿದರೆ ಮುಳ್ಳು ನೆಗೆಯುತ್ತಿತ್ತು. ಒಂದು ಸಂಜೆ ಮಾವ ಗದರಿದಾಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅವರಪ್ಪ ಹೋದ ಮೇಲೆ ಇವತ್ತೇ ಕಣೋ ಅವು ಓಡ್ತಿರೋದು. ಬಿಟ್ಟುಬಿಡು" ಎಂದಿದ್ದಳು.

ಅವನು ಬಿಟ್ಟುಬಿಟ್ಟ. ಮರುದಿನವೇ ತೋಳಿನ ತುದಿಗೆ ಒಂದು ನಾಣ್ಯ ಇಟ್ಟು ಟೇಪು ಸುತ್ತಿದ. ಭಾರಕ್ಕೆ ಮುಳ್ಳು ರೆಕಾರ್ಡಿಗೆ ಅಂಟಿಕೊಂಡಿತು. ಆಮೇಲೆ ಮಕ್ಕಳು ಕುದುರೆಯಾಟವಾಡಿದರೂ ಹಾಡು ತಪ್ಪಲಿಲ್ಲ. ಆದರೆ ದನಿ ಮಂಕಾಯಿತು, ಕಂಬಳಿ ಹೊದ್ದವರು ಹಾಡಿದ ಹಾಗೆ. ರೆಕಾರ್ಡುಗಳೂ ಸವೆದವು. ಮುಳ್ಳು ಕೂರುವ ಕಾರ್ಟ್ರಿಜ್ ಒಳ್ಳೆಯದು ಹಾಕಿದರೆ ಹೇಗಿರುತ್ತದೋ ಎಂದು ಮಾವ ಆಗಾಗ ಅಂದುಕೊಳ್ಳುತ್ತಿದ್ದ. ಅಂದುಕೊಂಡು ಸುಮ್ಮನಾಗುತ್ತಿದ್ದ.

ಈಗ ಮನೆ ಬೇರೆಯೇ ಆಗಿತ್ತು. ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟುಹೋದ ಲೋಟ ಸಂಜೆಗೂ ಅಲ್ಲೇ ಇರುತ್ತಿತ್ತು. ಕತ್ತರಿಯನ್ನು ಹುಡುಕುವುದೇ ಬೇಕಿರಲಿಲ್ಲ. ಈ ಮನೇಲಿ ಇಟ್ಟದ್ದು ಇಟ್ಟಲ್ಲಿ ಇರಲ್ಲ ಎಂದು ಇಷ್ಟು ವರ್ಷ ಗೊಣಗಿದವನಿಗೆ, ಈಗ ಗೊಣಗಲು ಏನೂ ಉಳಿದಿರಲಿಲ್ಲ. ಅಕ್ಕನ ಮದುವೆಯಾದ ತಿಂಗಳೊಳಗೆ ಒಂದು ಶನಿವಾರ ಕಚೇರಿ ಬಿಟ್ಟವನು ನೇರ ಹಳೆಯ ರೇಡಿಯೋ ಅಂಗಡಿಗೆ ಹೋದ.

ಅಂಗಡಿ ನಡೆಸುತ್ತಿದ್ದವಳು ಹಿಂದಿನ ಮಾಲೀಕನ ಮಗಳು. ಕಾರ್ಟ್ರಿಜ್ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಪೆಟ್ಟಿಗೆ, ಅದರಡಿ ಕೂದಲಿನಂಥ ಕಡ್ಡಿ, ಕಡ್ಡಿಯ ತುದಿಯಲ್ಲಿ ಕಣ್ಣಿಗೆ ಕಾಣದ ವಜ್ರದ ಮೊನೆ. ಅವಳು ಮೂರ್ನಾಲ್ಕು ಬಗೆಯವನ್ನು ಗಾಜಿನ ಮೇಲೆ ಇಟ್ಟಳು. ಮಾವನ ಕಣ್ಣು ಎಲ್ಲಕ್ಕಿಂತ ಹಗುರವಾದದ್ದರ ಮೇಲೆ ನಿಂತಿತು. ಅದನ್ನು ಕೊಡುವ ಮೊದಲು ಅವಳು ವೈದ್ಯರ ಹಾಗೆ ಪ್ರಶ್ನೆ ಕೇಳಿದಳು.

"ನೆಲ ಯಾವುದು?"

"ಮರದ ಹಲಗೆ."

"ಮನೇಲಿ ಓಡಾಡೋರು ಎಷ್ಟು ಜನ? ಮಕ್ಕಳಿದ್ದಾರಾ?"

"ಯಾರೂ ಇಲ್ಲ. ನಾನೊಬ್ಬನೇ."

"ಹಾಗಾದ್ರೆ ತೊಗೊಳ್ಳಿ. ಇದು ಯಾರೂ ಓಡಾಡದ ಮನೆಗೇ ಸರಿ. ಹಾಕಿ, ಕೂತ್ಕೊಂಡು ಕೇಳಿ. ಏಳಬೇಡಿ ಅಷ್ಟೇ."

ಸರಿಯಾದ ಗಿರಾಕಿ ಸಿಕ್ಕ ಎಂಬ ಖುಷಿ ಅವಳ ದನಿಯಲ್ಲಿತ್ತು. ಮಾವ ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡೇ ನಡೆದ.

ಭಾನುವಾರ ಬೆಳಿಗ್ಗೆ ಕಿಟಕಿಯ ಪಕ್ಕ ಮೇಜು ಎಳೆದು ಕೆಲಸಕ್ಕೆ ಕೂತ. ಟೇಪು ಕೆರೆದು ನಾಣ್ಯ ತೆಗೆದ. ತೋಳಿನ ತುದಿಯನ್ನು ಬಿಚ್ಚಿ ಹಳೆಯ ಕಾರ್ಟ್ರಿಜ್ಜಿನ ಎರಡು ಸ್ಕ್ರೂ ಸಡಿಲಿಸಿದ. ಹಿಂದೆ ನಾಲ್ಕು ತಂತಿಗಳು: ಕೆಂಪು, ಬಿಳಿ, ಹಸಿರು, ನೀಲಿ. ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಎಳೆದ. ಹೊಸದಕ್ಕೆ ಅವನ್ನು ಸಿಕ್ಕಿಸುವಾಗ ಉಸಿರು ಬಿಗಿಹಿಡಿದಿದ್ದ. ಮುಳ್ಳು ರೆಕಾರ್ಡಿನ ತೋಡಿಗೆ ನೇರವಾಗಿ ಕೂರಬೇಕು, ಕೂದಲೆಳೆಯಷ್ಟು ವಾರೆಯಾದರೂ ಹಾಡು ಕೀರಲಾಗುತ್ತದೆ. ಅದಕ್ಕೆ ಅವನು ನಕ್ಷೆಯ ಕಾಗದದ ಮೇಲೆ ತಾನೇ ಗೆರೆ ಎಳೆದುಕೊಂಡಿದ್ದ. ಮುಳ್ಳನ್ನು ಗೆರೆಗೆ ಹೊಂದಿಸಿದ, ಒಂದು ಕಣ್ಣು ಮುಚ್ಚಿ ನೋಡಿದ, ಸ್ಕ್ರೂ ಬಿಗಿಮಾಡಿದ, ಮತ್ತೆ ನೋಡಿದ. ಕೊನೆಗೆ ತೋಳಿನ ಹಿಂದಿನ ತೂಕವನ್ನು ತಿರುಗಿಸುತ್ತ ಹೋದ. ತೋಳು ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ಗಾಳಿಯಲ್ಲಿ ತೇಲಿ ನಿಂತಿತು. ಅಲ್ಲಿಂದ ಒಂದೂವರೆ ಗ್ರಾಂ ಭಾರ ಕೊಟ್ಟ. ನಾಣ್ಯವಿದ್ದಾಗ ಮುಳ್ಳು ಹೊರುತ್ತಿದ್ದ ಭಾರದ ಮುಂದೆ ಅದು ಏನೂ ಅಲ್ಲ.

ರೆಕಾರ್ಡುಗಳಲ್ಲಿ ಕಡಿಮೆ ಸವೆದದ್ದನ್ನು ಆರಿಸಿ ಹಾಕಿದ. ಒಬ್ಬ ಹೆಂಗಸು ಹಾಡುವ ನಿಧಾನದ ಹಾಡು, ಜೊತೆಗೆ ಪಿಟೀಲು. ಎಷ್ಟು ಸಲ ಕೇಳಿದ್ದನೋ ಲೆಕ್ಕವಿಲ್ಲ. ಮೊದಲ ಸಾಲಿಗೇ ಕಂಬಳಿ ಸರಿಯಿತು. ಹಾಡುವವಳು ಸಾಲು ಮುಗಿಸಿ ಉಸಿರೆಳೆದುಕೊಂಡದ್ದು, ಪಿಟೀಲಿನ ಕಮಾನು ದಿಕ್ಕು ಬದಲಿಸಿದ್ದು, ಎಲ್ಲವೂ ಕೋಣೆಯೊಳಗೇ ನಡೆಯುತ್ತಿತ್ತು. ಎರಡನೆಯ ಚರಣದಲ್ಲಿ, ಅವಳ ದನಿಯ ಕೆಳಗೆ, ಇನ್ನೊಬ್ಬಳು ಬಾಯಿ ಮುಚ್ಚಿಕೊಂಡು ಗುನುಗುವುದು ಕೇಳಿಸಿತು. ಈ ಹಾಡಿನಲ್ಲಿ ಇಬ್ಬರಿದ್ದಾರೆ ಎಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

"ಅಕ್ಕಾ, ಬಾ ಇಲ್ಲಿ, ಇದನ್ನ ಕೇಳು" ಎನ್ನುತ್ತ ಎದ್ದು ಅಡುಗೆಮನೆಯ ಕಡೆ ಹೆಜ್ಜೆ ಹಾಕಿದ. ಹಲಗೆ ಅಲುಗಿತು. ಮುಳ್ಳು ಕಿರ್ರೆಂದು ಹಾರಿ ಹಾಡಿನ ಕೊನೆಗೆ ಹೋಗಿ ಬಿದ್ದಿತು. ಮಾವ ಕೋಣೆಯ ನಡುವೆ ನಿಂತ. ಅಡುಗೆಮನೆಯಲ್ಲಿ ಬಿಸಿಲು ಬಿದ್ದಿತ್ತು, ಯಾರೂ ಇರಲಿಲ್ಲ.

ಆಮೇಲೆ ಅವನು ಕಲಿತ. ಏನು ಬೇಕಿದ್ದರೂ ಮೊದಲೇ ತಂದಿಟ್ಟುಕೊಂಡು ಕೂರುವುದು, ಎದ್ದರೂ ಗೋಡೆಯ ಅಂಚಿನಲ್ಲೇ ಬರಿಗಾಲಲ್ಲಿ ನಡೆಯುವುದು. ಅಲ್ಲಿ ಹಲಗೆಯ ಕೆಳಗೆ ತೊಲೆ ಇತ್ತು, ಕುಣಿಯುತ್ತಿರಲಿಲ್ಲ. ದಿನ ಕಳೆದಂತೆ ಹಾಡು ಇಲ್ಲದಾಗಲೂ ಹಾಗೇ ನಡೆಯತೊಡಗಿದ, ಕಳ್ಳ ಬೆಕ್ಕಿನ ಹಾಗೆ, ತನ್ನ ಮನೆಯಲ್ಲಿ ತಾನೇ. ಸಂಜೆಗಳು ಚೆನ್ನಾಗಿದ್ದವು ಎಂದೇ ಹೇಳಬೇಕು. ಹಾಡು ಮುಗಿದ ಮೇಲಿನ ಹೊತ್ತು ಮಾತ್ರ ಉದ್ದವಾಗಿರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಗಂಡನನ್ನು ಕರೆದುಕೊಂಡು ಬಂದಳು. ಮೆಕ್ಯಾನಿಕ್ಕು ಬಾಗಿಲು ತುಂಬುವಂಥ ಆಳು, ಮಾತು ಕಡಿಮೆ, ವಯಸ್ಸಿನಲ್ಲಿ ಮಾವನಿಗಿಂತ ಚಿಕ್ಕವನು. ಅಕ್ಕನ ಗಂಡ ಅಂದ ಮೇಲೆ ಭಾವ ಎನ್ನಬೇಕು. ಆ ಮಾತು ಮಾವನ ಬಾಯಿಗೆ ಬಂದಿರಲಿಲ್ಲ. ಅದು ತೀರಿಹೋದವನದ್ದಾಗಿತ್ತು. ಹಾಗಾಗಿ ಇಷ್ಟು ದಿನವೂ ಏನೂ ಕರೆಯದೆ, ಕಣ್ಣು ನೋಡಿ ಮಾತಾಡಿ ಹೇಗೋ ನಿಭಾಯಿಸಿದ್ದ.

ಇಬ್ಬರನ್ನೂ ಕೂರಿಸಿ, ಚಹಾ ಕೈಗೆ ಕೊಟ್ಟು, ಹಾಡು ಮುಗಿಯುವ ತನಕ ಅಲುಗಬಾರದು ಎಂದು ಕೇಳಿಕೊಂಡ. ಎರಡನೆಯ ದನಿಯ ವಿಷಯ ಹೇಳಲಿಲ್ಲ. ಅಕ್ಕನೇ ಕಂಡುಹಿಡಿಯಲಿ ಎಂಬ ಆಸೆ. ಮುಳ್ಳು ಇಳಿಸಿದ. ಅಕ್ಕ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ಹೆಣ್ಣು ನೋಡಲು ಬಂದವರ ಮುಂದೆ ಕೂತವಳ ಹಾಗೆ. ಮೆಕ್ಯಾನಿಕ್ಕು ಖಾಲಿ ಲೋಟವನ್ನು ಕೆಳಗಿಡಲೂ ಧೈರ್ಯ ಸಾಲದೆ ಎದೆಗೆ ಹಿಡಿದುಕೊಂಡಿದ್ದ. ಕಿಟಕಿಯ ಬಿಸಿಲು ಅವನ ಕಣ್ಣಿಗೇ ಹೊಡೆಯುತ್ತಿತ್ತು. ಅವನು ಕಣ್ಣು ಕಿರಿದು ಮಾಡಿ ಸಹಿಸಿಕೊಂಡಿದ್ದ.

ಅದನ್ನು ಕಂಡ ಅಕ್ಕ ಯೋಚಿಸದೆ ಎದ್ದು ಪರದೆ ಎಳೆಯಲು ಹೋದಳು. ಮುಳ್ಳು ನೆಗೆಯಿತು. ಅಕ್ಕ ಒಂದು ಕಾಲು ಎತ್ತಿಕೊಂಡೇ ನಿಂತುಬಿಟ್ಟಳು.

"ತಪ್ಪಾಯ್ತು" ಎಂದಳು.

ಆ ಮನೆಯಲ್ಲಿ ಇಷ್ಟು ವರ್ಷ ಅವಳು ಆ ಮಾತು ಹೇಳಿದ್ದು ಮಾವನಿಗೆ ನೆನಪಿಲ್ಲ. ಹೇಳಬೇಕಾಗಿಯೂ ಬಂದಿರಲಿಲ್ಲ. ನೆರವಾಗಲು ಮೆಕ್ಯಾನಿಕ್ಕು ಅರ್ಧ ಏಳುತ್ತಿದ್ದ.

"ಭಾವ, ನೀವು ಏಳಬೇಡಿ" ಎಂದ ಮಾವ.

ಮಾತು ತಾನಾಗಿಯೇ ಬಂದಿತ್ತು. ಅಕ್ಕ ತಿರುಗಿ ನೋಡಿದಳು. ಮೆಕ್ಯಾನಿಕ್ಕಿನ ಮುಖ ಅರಳಿತು. ಏನು ಮಾಡಬೇಕೆಂದು ತೋಚದೆ ಅವನು ಧೊಪ್ಪನೆ ಕೂತ. ಮುಳ್ಳು ಇನ್ನೊಮ್ಮೆ ಹಾರಿತು. ಮೂವರೂ ನಕ್ಕರು. ಮಾವ ತೋಳು ಎತ್ತಿ ಕೊಕ್ಕೆಗೆ ಹಾಕಿದ. ಅಕ್ಕ ಪರದೆಯನ್ನು ಅರ್ಧ ಎಳೆದು ಬಂದು ಕೂತಳು.

ನಗು ನಿಂತ ಮೇಲೆ ಅವನೇ ಕೇಳಿದ, ಆ ಎರಡನೆಯ ದನಿ ಕೇಳಿಸಿತೇ, ಕೆಳಗೆ ಗುನುಗುವುದು, ಎಂದು.

"ಅದಾ?" ಎಂದಳು ಅಕ್ಕ. "ಅದು ಮೊದಲಿಂದ ಇದೆಯಲ್ಲೋ. ಪಾತ್ರೆ ತೊಳೀತಾ ನಾನು ಅದರ ಜೊತೆಗೇ ಹಾಡ್ಕೋತಿದ್ದೆ. ನಿನಗೆ ಕೇಳಿಸ್ತಿರಲಿಲ್ವಾ?"

ಇಲ್ಲ ಎಂದು ಮಾವ ತಲೆಯಾಡಿಸಿದ.

"ನೀನೆಲ್ಲಿ ಹಾಡು ಕೇಳ್ತಿದ್ದೆ. ಮಕ್ಕಳ ಕಾಲೇ ನೋಡ್ತಾ ಕೂತಿರ್ತಿದ್ದೆ, ಎಲ್ಲಿ ಬೀಳ್ತಾವೋ ಅಂತ."

ಇದನ್ನು ಅವಳು ಬಹಳ ಸಹಜವಾಗಿ ಹೇಳಿ, ಮಗಳು ಬರೆದ ಸುದ್ದಿಗೆ ಹೊರಳಿದಳು. ಮಾವ ಹೂಂಗುಟ್ಟುತ್ತಿದ್ದ. ಅವನ ಕಣ್ಣ ಮುಂದೆ ಆ ಸಣ್ಣ ಕಾಲುಗಳೇ ಇದ್ದವು: ಒಂದಕ್ಕೆ ಕಾಲುಚೀಲ ಇದೆ, ಇನ್ನೊಂದಕ್ಕಿಲ್ಲ.

ಬಸ್ಸಿನ ಹೊತ್ತಾಯಿತೆಂದು ಇಬ್ಬರೂ ಎದ್ದರು. ಬಾಗಿಲಲ್ಲಿ ಅಕ್ಕ ಕೈಚೀಲದಲ್ಲಿ ತಡಕಾಡಿ ಒಂದು ಕೀಲಿಕೈ ತೆಗೆದಳು. ಈ ಮನೆಯದ್ದು, ಅವಳ ಪಾಲಿನದ್ದು.

"ಇದು ನನ್ನ ಹತ್ರ ಯಾಕೆ, ಅಷ್ಟು ದೂರದಲ್ಲಿ" ಎಂದಳು. "ಹತ್ತಿರ ಇರೋರಿಗೆ ಯಾರಿಗಾದರೂ ಕೊಟ್ಟಿಡು. ನಿನಗೆ ಒಂದು ಹೆಚ್ಚುಕಮ್ಮಿ ಆದರೆ ಬಾಗಿಲು ತೆಗೆಯೋರು ಬೇಕಲ್ಲ."

ಸರಿ ಎಂದ ಮಾವ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೆಟ್ಟಿಲಿಳಿಯುವಾಗ ಮೆಕ್ಯಾನಿಕ್ಕು ಒಂದು ಕೈಯನ್ನು ಅಕ್ಕನ ಮೊಣಕೈ ಕೆಳಗೆ ಹಿಡಿದಿದ್ದ. ಅಕ್ಕ ಏನೋ ಹೇಳಿದಳು, ಆತ ನಕ್ಕ. ಆ ನಗು ಬೀದಿಯ ತಿರುವಿನ ತನಕ ಕೇಳಿಸಿತು.

ಅವತ್ತು ಮಾವ ಮತ್ತೆ ಹಾಡು ಹಾಕಲಿಲ್ಲ. ಅಕ್ಕ ಕೂತಿದ್ದ ಕುರ್ಚಿ, ಮೆಕ್ಯಾನಿಕ್ಕು ಕೊನೆಗೂ ನೆಲದ ಮೇಲಿಟ್ಟ ಲೋಟ, ಅರ್ಧ ಎಳೆದ ಪರದೆ, ಯಾವುದನ್ನೂ ಸರಿಮಾಡದೆ ಎರಡು ದಿನ ಹಾಗೇ ಬಿಟ್ಟ. ಮೂರನೆಯ ದಿನ ಕೀಲಿಕೈ ತೆಗೆದುಕೊಂಡು ಕೆಳಗಿಳಿದ.

ಕೆಳಗಿನ ಇಸ್ತ್ರಿ ಅಂಗಡಿಯ ಹೆಂಗಸನ್ನು ಅವನು ವರ್ಷಗಳಿಂದ ಕಂಡಿದ್ದ. ಅಂಗಿ ಕೊಡುವುದು, ತರುವುದು ಅಕ್ಕನ ಕೆಲಸವಾಗಿತ್ತು, ಅವನಿಗೆ ಅವಳೊಡನೆ ಮಾತಿರಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನ ಮಾತು ಕೇಳಿಸಿಕೊಂಡಳು.

"ಕೊಡಿ, ಇಟ್ಕೋತೀನಿ" ಎಂದಳು. "ನೀವು ಊರಲ್ಲೇ ಇದ್ದೀರಾ? ಮೇಲೆ ಹೆಜ್ಜೆ ಸದ್ದೇ ಇರಲಿಲ್ಲ. ನಿಮ್ಮಕ್ಕನ ಜೊತೆ ನೀವೂ ಹೋದಿರೇನೋ ಅಂದ್ಕೊಂಡೆ."

ಇಲ್ಲೇ ಇದ್ದೀನಿ ಎಂದ ಮಾವ.

ಅವಳ ಹಿಂದಿನ ಗೋಡೆಯಲ್ಲಿ, ಮಡಚಿಟ್ಟ ಬಟ್ಟೆಗಳ ಮೇಲುಗಡೆ, ಒಂದು ಹಲಗೆಗೆ ಮೊಳೆ ಹೊಡೆದಿತ್ತು. ಮೊಳೆಗಳಲ್ಲೆಲ್ಲ ಕೀಲಿಕೈಗಳು ತೂಗುತ್ತಿದ್ದವು, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಯಾರವು ಎಂದು ಅವನು ಕೇಳಿದ. ಅವಳು ಬೆರಳು ತೋರಿಸುತ್ತ ಹೇಳುತ್ತ ಹೋದಳು: ಹಿಂದಿನ ಸಾಲಿನ ನಿವೃತ್ತ ನರ್ಸಮ್ಮನದು, ಮೂಲೆಮನೆಯ ಗಡಿಯಾರ ರಿಪೇರಿಯವರದು, ಎದುರು ಕಟ್ಟಡದ ಮೇಲ್ಮಹಡಿಯಲ್ಲಿ ರಾತ್ರಿಪಾಳಿಗೆ ಹೋಗುವವನದು. ಎಲ್ಲರೂ ನಿಮ್ಮ ಹಾಗೇ, ಎಂದಳು, ಒಬ್ಬೊಬ್ಬರೇ. ಒಬ್ಬರ ಗುರುತು ಒಬ್ಬರಿಗಿಲ್ಲ. ಕೀಲಿಗಳು ಮಾತ್ರ ಒಟ್ಟಿಗಿವೆ.

ಖಾಲಿ ಮೊಳೆ ಇರಲಿಲ್ಲ. ಅವಳು ಸ್ವಲ್ಪ ಯೋಚಿಸಿ, ಒಂದು ನೀಲಿ ದಾರ ಹುಡುಕಿ ಮಾವನ ಕೀಲಿಗೆ ಕಟ್ಟಿದಳು. ಗಡಿಯಾರದವರ ಕೀಲಿಯನ್ನು ಪಕ್ಕಕ್ಕೆ ಸರಿಸಿ, ಅದೇ ಮೊಳೆಗೆ ಇದನ್ನೂ ಸಿಕ್ಕಿಸಿದಳು. ಎರಡೂ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು. ಆಮೇಲೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಅಂಗಿಯ ತೋಳನ್ನು ಬಿಡಿಸಿ ಹರಡಿದಳು. ಮಾವ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಬಿಸಿ ಬಟ್ಟೆಯ ವಾಸನೆ ಹಿತವಾಗಿತ್ತು.