ಸೀಟಿ ಹೊಡೆಯದ ಗಾಡಿ

ಸಂಡೂರಿನಲ್ಲಿ ಚಹಾ ಕುಡಿದು ಮತ್ತೆ ಗಾಡಿ ಹತ್ತಿದ ಕೊಟ್ರಮ್ಮ ಇಡ್ಲಿ ಬಟ್ಟೆಗಳನ್ನು ನೋಡಿದಳು. ಐದಿರಬೇಕಿತ್ತು, ನಾಲ್ಕಿದ್ದವು. ಬೆಳಿಗ್ಗೆ ಹೊಸಪೇಟೆಯ ಮನೆಯಲ್ಲಿ ಒಗೆದು, ಹಿಂಡಿ, ತಾನೇ ಡಬ್ಬಿಗೆ ಹಾಕಿದ್ದಳು.

"ಏನ್ರೀ, ಇಲ್ಲೊಂದು ಇಡ್ಲಿ ಬಟ್ಟಿ ಇತ್ತಲ್ಲ, ನೋಡಿದ್ರೇನು?"

ಗಂಡ ಗಾದಿಲಿಂಗಪ್ಪ ಸ್ಟೇರಿಂಗ್ ಮುಂದೆ ಕೂತು ಕನ್ನಡಿ ಒರೆಸುತ್ತಿದ್ದ. "ನಿನ್ನ ಅಡಿಗಿಮನಿ ಸಾಮಾನು ನನಗೇನ್ ಕೇಳ್ತಿ? ಅಡಿಗಿಮನಿ ನಿಂದು, ಎಂಜಿನ್ ನಂದು. ಗಾಡಿ ಕಟ್ಟಿದಾಗಾನ ಮಾತಾಗೇತಿ."

ಕೇಳಿದ್ದಕ್ಕೆ ಇದು ಉತ್ತರವಲ್ಲ ಎಂದು ಕೊಟ್ರಮ್ಮನಿಗೆ ಗೊತ್ತಾಯಿತು. ಆದರೆ ಅವನ ಪಕ್ಕದ ಸೀಟಿನಲ್ಲಿ ಸ್ನೇಹಾ ಕೂತಿದ್ದಳು; ಕೊಟ್ರಮ್ಮ ಡಬ್ಬಿಯ ಮುಚ್ಚಳ ಹಾಕಿದಳು.

ಕಡ್ಡಿರಾಂಪುರದಲ್ಲಿ ಹೋಮ್‌ಸ್ಟೇ ನಡೆಸುವ ಸ್ನೇಹಾಳ ಒಂದು ಮಾತಿನ ಮೇಲೆ ಇವತ್ತು ಎಲ್ಲವೂ ನಿಂತಿತ್ತು. ಹಂಪಿ ನೋಡಲು ಬಂದ ಅವಳ ಅತಿಥಿಗಳು ಎರಡು ದಿನ ಕಲ್ಲು ಸುತ್ತಿ ಮೂರನೇ ದಿನ "ಇನ್ನೇನೈತಿ?" ಎನ್ನುತ್ತಿದ್ದರು. ಅವರನ್ನು ಸಂಡೂರಿನ ಗುಡ್ಡಗಳಿಗೆ ಕರೆದೊಯ್ಯಲು ಮಲಗುವ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಮನೆಗಾಡಿ ಅವಳಿಗೆ ಬೇಕಿತ್ತು. ಗಾದಿಲಿಂಗಪ್ಪ ಟಿಪ್ಪರ್ ಓಡಿಸುವುದನ್ನು ಬಿಟ್ಟ ಮೇಲೆ ಗಂಡ ಹೆಂಡತಿ ಸೇರಿ ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಕಂಪ್ಲಿಯ ಬಡಗಿ ರೇವಣಸಿದ್ದನ ಕೈಯಲ್ಲಿ ಮಂಚ, ಕಪಾಟು ಮಾಡಿಸಿ ಅಂಥದೇ ಗಾಡಿ ಕಟ್ಟಿದ್ದರು. ಸ್ನೇಹಾಳ ಷರತ್ತು ಒಂದೇ: ತುಂಬಿದ ಭಾರದಲ್ಲಿ ದೋಣಿಮಲೈ ಏರು ಹತ್ತಿದರೆ ಈ ವರ್ಷದ ಅತಿಥಿಗಳೆಲ್ಲ ಇವರ ಗಾಡಿಗೆ. ಹತ್ತದಿದ್ದರೆ ಬೇರೆ ಗಾಡಿ. ಬೆಳಿಗ್ಗೆ ನೀರಿನ ಟ್ಯಾಂಕನ್ನು ಅವಳೇ ನಿಂತು ಕಂಠಮಟ್ಟ ತುಂಬಿಸಿದ್ದಳು.

ಸಂಡೂರು ದಾಟಿದ ಮೇಲೆ ರಸ್ತೆಯೂ ಕೆಂಪು, ಬೇಲಿಯೂ ಕೆಂಪು. ಮುಂದೆ ಅದಿರಿನ ಟಿಪ್ಪರುಗಳು ಸಾಲಾಗಿ ಹೋಗುತ್ತಿದ್ದವು. ಅವುಗಳ ಧೂಳು ಕಿಟಕಿಗೆ ಅರಿಷಿಣ ಕುಂಕುಮ ಕಲಸಿ ಎರಚಿದಂತೆ ಬಡಿಯುತ್ತಿತ್ತು.

ಏರು ಶುರುವಾಯಿತು. ಮೂರನೇ ಗೇರಿನಲ್ಲಿ ಹೊರಟ ಗಾಡಿ ಮೊದಲ ತಿರುವಿಗೇ ಎರಡಕ್ಕೆ ಬಂತು. ಎರಡನೇ ತಿರುವಿಗೆ ಒಂದಕ್ಕೆ ಬಂತು. ಗಾದಿಲಿಂಗಪ್ಪ ಕಾಲಿನ ಬಲವನ್ನೆಲ್ಲ ಆಕ್ಸಿಲರೇಟರಿನ ಮೇಲೆ ಹಾಕಿದ. ಎಂಜಿನ್ ಗುರುಗುಟ್ಟಿತೇ ಹೊರತು ಗಾಡಿ ಮೊಣಕಾಲು ನೋವಿನವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟಿತು.

ಹಿಂದಿನಿಂದ ಬಂದ ಗಣಿಯ ಸ್ಟಾಫ್ ಬಸ್ಸು ಪಕ್ಕಕ್ಕೆ ಸರಿದು ಮುಂದೆ ಹೋಗುವಾಗ ಅದರ ಡ್ರೈವರ್ ಹುಲಿಗೇಶ್ ಕಿಟಕಿಯಿಂದ ತಲೆ ಹಾಕಿದ. ಗಾದಿಲಿಂಗಪ್ಪನ ಹಳೆಯ ಗೆಳೆಯ.

"ಏನಣ್ಣಾ, ಮನಿ ಕಟ್ಟಿಸಿದಿ ಸರಿ, ಪಾಯ ಯಾಕ ಹಾಕಿಸಿದಿ? ಅಲ್ಲಾಡವಲ್ದಲ್ಲ!"

"ಹೋಗಲೇ, ನಿನ್ನ ಬಸ್ಸು ಈ ಏರಿಗೆ ಹೆದರುವಾಗ ನಾನು ಟಿಪ್ಪರ್ ಏರಿಸ್ತಿದ್ದೆ!"

ಮಾತು ಮುಗಿಯುವುದರೊಳಗೆ ಗಾಡಿ ನಿಂತೇಬಿಟ್ಟಿತು.

ಕೊಟ್ರಮ್ಮ ಮೊದಲು ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಗಾದಿಲಿಂಗಪ್ಪ ಮುಖ ಒರೆಸಿಕೊಳ್ಳುತ್ತ ಇಳಿದ. ಮೂವತ್ತು ವರ್ಷ ಅದಿರು ಹೊತ್ತು ಹತ್ತಿಳಿದ ಗುಡ್ಡ, ಇವತ್ತು ಒಂದು ಮಂಚ ಹೊತ್ತು ಹತ್ತಲಾಗಲಿಲ್ಲವಲ್ಲ ಎಂದು ಗಾಡಿಯನ್ನೇ ದುರುಗುಟ್ಟಿ ನೋಡಿದ.

"ಮೇಡಂ, ನೀರು ಭಾಳ ತೂಕ ಆತು. ಅರ್ಧ ಟ್ಯಾಂಕ್ ಬಿಟ್ಟುಬಿಡ್ತೀನಿ, ಹಕ್ಕಿ ಹಂಗ ಹತ್ತತೈತಿ" ಎಂದು ಹಿಂದೆ ಇಳಿದ ಸ್ನೇಹಾಳಿಗೆ ಹೇಳಿ ನಲ್ಲಿಗೆ ಕೈ ಹಾಕಿದ.

"ಬ್ಯಾಡ್ರಿ" ಎಂದಳು ಕೊಟ್ರಮ್ಮ. "ಮ್ಯಾಲೆ ಹೋದ ಮಂದಿ ಜಳಕಕ್ಕ ಎಲ್ಲಿಗೆ ಹೋಗ್ಬೇಕು? ನೀರಿಲ್ಲದ್ದಕ್ಕ ಮನಿ ಅಂತಾರೇನು? ಒಂದ್ಸಲ ಚಾಲು ಮಾಡಿ, ನಿಂತಲ್ಲೇ ಜೋರು ಒತ್ರಿ. ನಾ ಹಿಂದ ನಿಂತು ನೋಡ್ತೀನಿ."

ಅವನು ಗೊಣಗುತ್ತ ಒತ್ತಿದ. ಕೊಳವೆಯಿಂದ ಕಾಡಿಗೆಯಂಥ ಹೊಗೆ ಬುಸ್ಸೆಂದು ಬಂತು.

ಈ ಹೊಗೆಯನ್ನು ಕೊಟ್ರಮ್ಮ ಇಪ್ಪತ್ತೈದು ವರ್ಷ ನೋಡಿದ್ದಳು, ಎಂಜಿನ್ನಿನಲ್ಲಲ್ಲ, ಗಣಿಯ ಕ್ಯಾಂಟೀನಿನಲ್ಲಿ. ಅಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವುದು ಡೀಸೆಲ್ ಒಲೆಯ ಮೇಲೆ. ಉರಿಗೆ ಗಾಳಿ ಊದಲು ಒಂದು ಫ್ಯಾನು. ಫ್ಯಾನಿನ ಬಾಯಿಗೆ ಹಿಟ್ಟು ಮೆತ್ತಿದರೆ ಉರಿ ಕೆಂಪಗಾಗಿ, ಕರಿ ಹೊಗೆ ಏಳುತ್ತಿತ್ತು. ಹೊಸದಾಗಿ ಬಂದ ಅಡುಗೆಯವರು ಉರಿ ಸಾಲದೆಂದು ಡೀಸೆಲ್ಲನ್ನೇ ಇನ್ನಷ್ಟು ಬಿಡುವರು, ಬಾಣಲೆಯ ತಳವೆಲ್ಲ ಮಸಿ. ಕೊಟ್ರಮ್ಮ ಹೋಗಿ ಫ್ಯಾನಿನ ಬಾಯಿ ಒರೆಸಿದರೆ ಉರಿ ಮತ್ತೆ ನೀಲಿಯಾಗುತ್ತಿತ್ತು. ಕರಿ ಹೊಗೆ ಬಂದರೆ ಡೀಸೆಲ್ ಕಮ್ಮಿಯಾಗಿದೆ ಎಂದಲ್ಲ, ಗಾಳಿ ಕಮ್ಮಿಯಾಗಿದೆ ಎಂದು. ಗಂಡ ಈಗ ಮಾಡುತ್ತಿದ್ದುದೂ ಆ ಹೊಸ ಅಡುಗೆಯವರ ಕೆಲಸವನ್ನೇ.

ಇನ್ನೊಂದು ಅವಳಿಗೆ ನೆನಪಾಯಿತು. ಕಂಪ್ಲಿ ರಸ್ತೆಯಲ್ಲಿ ಮೊದಲ ಸಲ ಓಡಿಸಿದಾಗ, ಜೋರು ಒತ್ತಿದೊಡನೆ ಎಂಜಿನ್ನಿನೊಳಗಿಂದ ಕುಕ್ಕರ್ ಸೀಟಿಗೆ ಮುಂಚೆ ಬರುವಂಥ ಸಣ್ಣ ಸೀಟಿ ಕೇಳಿತ್ತು. "ಅದು ಟರ್ಬೊ, ಗಾಳಿ ಜಗ್ಗಿ ಎಂಜಿನ್ನಿಗೆ ತುಂಬತೈತಿ" ಎಂದು ಅವನೇ ಹೆಮ್ಮೆಯಿಂದ ಹೇಳಿದ್ದ. ಸಂಡೂರಿನವರೆಗೂ ಆ ಸೀಟಿ ಇತ್ತು. ಚಹಾ ಕುಡಿದ ಮೇಲೆ ಇಲ್ಲ.

"ಏನ್ರೀ, ಇದು ಉಸಿರು ಎಲ್ಲಿಂದ ತೊಗೊಂತೈತಿ?"

ಗಾದಿಲಿಂಗಪ್ಪನ ಕಣ್ಣು ಗಾಡಿಯ ಎಡಮಗ್ಗುಲಿಗೆ ಹೋಗಿ ಬಂತು. ಕೊಟ್ರಮ್ಮ ಆ ಕಡೆ ನಡೆದಳು. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಸುತಳಿಯಿಂದ ಬಿಗಿದು ಕಟ್ಟಿದ್ದ ಅವಳ ಐದನೇ ಇಡ್ಲಿ ಬಟ್ಟೆ ಕೆಂಪು ಗಿಲಾವು ಮಾಡಿದ ಗೋಡೆಯಂತೆ ಗಟ್ಟಿಯಾಗಿತ್ತು.

ಗಾದಿಲಿಂಗಪ್ಪ ಹಿಂದೆಯೇ ಬಂದ. "ಧೂಳು ಒಳಗ ಹೋಗಬಾರ್ದಂತ... ಟಿಪ್ಪರಿಗೆ ಯಾವಾಗಲೂ ಕಟ್ತಿದ್ದೆ."

"ಒಣ ಬಟ್ಟಿ ಕಟ್ತಿದ್ರೋ, ಹಸಿ ಬಟ್ಟಿಯೋ?"

"ಒಣದು. ಇದು ಹಸೀದಿತ್ತು. ಹಸೀದಾದ್ರ ಧೂಳು ಚೊಲೋ ಹಿಡಿತೈತಿ ಅಂದ್ಕೊಂಡೆ."

"ಹಿಡದೈತಿ ಬಿಡ್ರಿ. ಧೂಳೂ ಹಿಡದೈತಿ, ಗಾಳೀನೂ ಹಿಡದೈತಿ."

ಬಿಚ್ಚಿದ ಬಟ್ಟೆಯನ್ನು ಅವಳು ಸೆರಗಿನೊಳಗೆ ಮುಚ್ಚಿದಳು. ಸ್ನೇಹಾ ಈ ಕಡೆಗೇ ಬರುತ್ತಿದ್ದಳು. ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು ಎಂದರೆ ಮುಗಿಯಿತು, ಗಂಡನ ಮಾನ ಉಳಿಯುತ್ತದೆ.

"ಏನಾಗಿತ್ತಕ್ಕಾ?"

ಕೊಟ್ರಮ್ಮ ಬಾಯಿ ತೆರೆಯುವ ಮೊದಲೇ ಗಾದಿಲಿಂಗಪ್ಪ ಅವಳ ಸೆರಗಿನಿಂದ ಬಟ್ಟೆ ಎಳೆದು ತೋರಿಸಿದ. "ಗಾಡಿ ತಪ್ಪಲ್ಲ ಮೇಡಂ, ನಂದು. ಹಳೇ ರೂಢಿ, ಗಾಡಿ ಬಾಯಿಗೆ ಬಟ್ಟಿ ಕಟ್ಟಿದೆ. ಕಂಡುಹಿಡದಾಕಿ ಇಕಿ."

ಸ್ನೇಹಾ ಬಟ್ಟೆ ನೋಡಿದಳು, ಅವನನ್ನು ನೋಡಿದಳು. "ತಪ್ಪು ಒಪ್ಪಿಕೊಂಡ್ರಲ್ಲ, ಚೊಲೋ ಆತು. ಆದ್ರ ಗುಡ್ಡ ಒಪ್ಪಬೇಕಲ್ಲಣ್ಣ? ಕೆಳಗಿಂದ ಓಡಿಸ್ಕೊಂಡು ಬರೋದು ಬ್ಯಾಡ. ನಿಂತಲ್ಲಿಂದಾನ ಏರಿಸ್ರಿ."

ನಿಂತದ್ದು ಇಡೀ ಏರಿನಲ್ಲೇ ಕಡಿದಾದ ಜಾಗದಲ್ಲಿ. ಕೊಟ್ರಮ್ಮ ಕಲ್ಲು ತೆಗೆದು ರಸ್ತೆಯಾಚೆ ಎಸೆದು ಬಂದು, ಈ ಸಲ ಮುಂದಿನ ಸೀಟಿನಲ್ಲಿ ಕೂತಳು.

ಹ್ಯಾಂಡ್‌ಬ್ರೇಕ್ ಹಿಡಿದೇ ಗಾದಿಲಿಂಗಪ್ಪ ಒಂದನೇ ಗೇರು ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ. ಗಾಡಿ ಮೂಗು ಎತ್ತಿತು. ಬ್ರೇಕ್ ಬಿಟ್ಟ. ಒಂದು ಗೇಣೂ ಹಿಂದಕ್ಕೆ ಜಾರಲಿಲ್ಲ. ಎಂಜಿನ್ನಿನೊಳಗಿಂದ ಸಣ್ಣಗೆ, ಆಮೇಲೆ ಸ್ಪಷ್ಟವಾಗಿ, ಆ ಸೀಟಿ ಎದ್ದಿತು.

"ಬಂತು!" ಎಂದು ಕೊಟ್ರಮ್ಮ ಡ್ಯಾಶ್‌ಬೋರ್ಡ್ ತಟ್ಟಿದಳು.

ಎರಡನೇ ಗೇರು. ತಿರುವು. ಟ್ಯಾಂಕಿನ ನೀರು ಬುಳುಬುಳು ಎಂದಿತು, ಕಪಾಟಿನಲ್ಲಿ ಸ್ಟೀಲ್ ತಟ್ಟೆಗಳು ತಾಳ ಹಾಕಿದವು. ಹುರುಪಿನಲ್ಲಿ ಗಾದಿಲಿಂಗಪ್ಪ ಮೂರಕ್ಕೆ ಏರಿಸಿದ.

"ಜಲ್ದಿ ಮಾಡಬ್ಯಾಡ್ರಿ. ಸೀಟಿ ಸಣ್ಣಗಾಗಾಕತ್ತೈತಿ, ಇಳಿಸ್ರಿ ಗೇರು."

ಮೂವತ್ತು ವರ್ಷ ಯಾರ ಮಾತನ್ನೂ ಕೇಳದ ಡ್ರೈವರ್ ಗೇರು ಇಳಿಸಿದ. ಸೀಟಿ ಮತ್ತೆ ತುಂಬಿಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಹೊಗೆಯಿಲ್ಲ, ಕೆಂಪು ರಸ್ತೆ ಮಾತ್ರ ಕೆಳಕ್ಕೆ ಜಾರಿ ಹೋಗುತ್ತಿತ್ತು. ಕೊನೆಯ ತಿರುವು ದಾಟಿ ಗಣಿಯ ಟೌನ್‌ಶಿಪ್ಪಿನ ಮರಗಳು ಕಂಡಾಗ ಅವನು ಬೇಕಿಲ್ಲದಿದ್ದರೂ ಉದ್ದಕ್ಕೆ ಹಾರ್ನ್ ಹೊಡೆದ.

ಮೇಲೆ ಸ್ಟಾಫ್ ಬಸ್ಸಿನ ಪಕ್ಕ ಹುಲಿಗೇಶ್ ಬೀಡಿ ಹಚ್ಚಿ ನಿಂತಿದ್ದ. "ಅಲೇ ಇವನಾ! ಪಾಯ ಸಮೇತ ಕಿತ್ಕೊಂಡು ಬಂದ್ಯಲ್ಲೋ!"

ಸ್ನೇಹಾ ಆಗಲೇ ಫೋನಿನಲ್ಲಿದ್ದಳು. "ಹೂಂ, ಶನಿವಾರದವ್ರಿಗೆ ಹೇಳಿಬಿಡು, ಗಾಡಿ ಸಿಕ್ಕೈತಿ. ಬ್ಯಾರೇದು ನೋಡೋದು ಬ್ಯಾಡ." ಫೋನಿಟ್ಟು ಕೊಟ್ರಮ್ಮನ ಕಡೆ ತಿರುಗಿದಳು. "ಆದ್ರ ಅಕ್ಕಾ, ಪ್ರತಿ ಟ್ರಿಪ್ಪಿಗೂ ನೀವು ಮುಂದ ಕೂಡಬೇಕು."

"ಕೂಡ್ತೀನಿ ತಂಗಿ. ಇಡ್ಲಿ ಬೇಯಾಕ ಇಟ್ಟು ಕೂಡ್ತೀನಿ."

ಅವಳು ಒಲೆ ಹಚ್ಚಿ ನಾಲ್ಕು ಬಟ್ಟೆಗಳ ಮೇಲೆ ಹಿಟ್ಟು ಹೊಯ್ದಳು. ಹೊರಗೆ ಗಾದಿಲಿಂಗಪ್ಪ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಐದನೆಯದನ್ನು ತಿಕ್ಕುತ್ತಿದ್ದ. ನೀರು ಅದಿರಿನ ಬಣ್ಣಕ್ಕೆ ತಿರುಗಿತ್ತು.

"ಇದೇನೋ ಮಾರಾಯಾ, ಡ್ರೈವರ್ ಬಟ್ಟಿ ಒಗಿಯಾಕತ್ತಾನ!" ಎಂದ ಹುಲಿಗೇಶ್.

"ಹೊಸಾ ಮಾತಾಗೇತಿ" ಎಂದ ಗಾದಿಲಿಂಗಪ್ಪ, ತಲೆ ಎತ್ತದೆ, ನಗುತ್ತ. "ಎಂಜಿನ್ ಆಕೀದು, ಅಡಿಗಿಮನಿ ನಂದು."

ಒಳಗಿಂದ ಕೊಟ್ರಮ್ಮ ಕೂಗಿದಳು: "ಇನ್ನೊಮ್ಮೆ ಸೋಪು ಹಾಕ್ರಿ, ಕೆಂಪು ಹೋಗಿಲ್ಲ!"