ಮಂಚದಿಂದ ಇಳಿದು ಕೂತ ಅತ್ತೆ

ದೆಹಲಿಯಲ್ಲಿ ಓದುವ ಹುಡುಗರಿಗೆ ಊರಿನಿಂದ ಯಾರಾದರೂ ಬರುತ್ತಾರೆಂದರೆ ಹಬ್ಬ. ಚಟ್ನಿಪುಡಿ ಬರುತ್ತದೆ, ಕೋಡುಬಳೆ ಬರುತ್ತದೆ, ಕಿವಿ ತುಂಬ ಕನ್ನಡ ಬರುತ್ತದೆ. ಆದರೆ ಮುಖರ್ಜಿ ನಗರದ ಬಾಡಿಗೆ ಕೋಣೆಯಲ್ಲಿ ಕೂತು ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಜಡೇಗೌಡನಿಗೆ, ಅತ್ತೆ ಕೇತಮ್ಮ ಬರುತ್ತಾಳೆಂದು ತಿಳಿದಾಗ ಬಾರದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಯಾಕೆ ಅಂತೀರಾ? ಜಡೇಗೌಡ ಸೋಲಿಗರ ಹುಡುಗ. ಚಾಮರಾಜನಗರದ ಕಡೆಯ ಕಾಡಿನೊಳಗೆ ಅವನ ಪೋಡು, ಅಂದರೆ ಸೋಲಿಗರ ಪುಟ್ಟ ಊರು. ತಾಯಿಯಿಲ್ಲದ ಅವನನ್ನು ಸಾಕಿದವಳು ಅಪ್ಪನ ತಂಗಿಯಾದ ಈ ಅತ್ತೆಯೇ. ಕೋಣೆಯ ಗೆಳೆಯ, ಹಿಂದಿ ಬೆರೆಸಿ ಕನ್ನಡ ಆಡುವ ಶ್ರೇಯಸ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೆಸರಿನ ಕೊನೆಗೆ ಗೌಡ ಎಂದಿದೆ, ಜಮೀನಿರುವ ಮನೆಯವನೇ ಇರಬೇಕು ಎಂದುಕೊಂಡು ಮೊದಲ ದಿನವೇ "ಗೌಡ್ರೇ" ಎಂದು ಕರೆದಿದ್ದ. ಜಡೇಗೌಡ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೊಂದು ದಿನ ಟೀ ಅಂಗಡಿಯ ಮುಂದೆ ಶ್ರೇಯಸ್, "ಕೋಟಾದವ್ರಿಗೇನಪ್ಪ, ಹೆಸ್ರು ಬರೆದ್ರೆ ಪಾಸು" ಎಂದು ನಕ್ಕ. ಅಯ್ಯೋ, ಇವನೂ ನಕ್ಕ! ಹಾಗೆ ನಕ್ಕ ಮೇಲೆ ನಿಜ ಹೇಳುವುದೆಲ್ಲಿಂದ ಬಂತು? ಬಾಯಿಗೆ ತಾನೇ ಬೀಗ ಹಾಕಿಕೊಂಡಂತಾಯಿತು.

ಅದು ಎರಡು ಸಾವಿರದ ಎಂಟರ ಜನವರಿ. ಕೇತಮ್ಮ ದೆಹಲಿ ನೋಡಲು ಬಂದವಳಲ್ಲ. ಲೋಕದ ಮೂಲನಿವಾಸಿಗಳ ಸಮಸ್ಯೆಗಳನ್ನು ಕೇಳಲು ವಿಶ್ವಸಂಸ್ಥೆಯ ಒಂದು ವೇದಿಕೆ ಪ್ರತಿ ವರ್ಷ ನ್ಯೂಯಾರ್ಕಿನಲ್ಲಿ ಸೇರುತ್ತದೆ. ಅಲ್ಲಿಗೆ ಯಾರು ಹೋಗಬೇಕು, ಏನು ಹೇಳಬೇಕು ಎಂದು ತೀರ್ಮಾನಿಸಲು ದೆಹಲಿಯ ಒಂದು ಸಂಸ್ಥೆ ಸಭೆ ಕರೆದಿತ್ತು. ಪೋಡುಗಳ ಹಿರಿಯರೆಲ್ಲ ಕೂತು ಮಾತಾಡಿ ಕೇತಮ್ಮನನ್ನು ಆರಿಸಿ ಕಳಿಸಿದ್ದರು. ಆರ್.ಕೆ.ಪುರಂನಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ಅಂತರರಾಷ್ಟ್ರೀಯ ಕಾನೂನು ಓದುತ್ತಿದ್ದ ಧಾರಿಣಿ ಎಂಬ ಕನ್ನಡದ ಹುಡುಗಿ ಅವಳನ್ನು ನೋಡಿಕೊಳ್ಳುತ್ತಿದ್ದಳು. ಸಭೆಯ ಹಿಂದಿನ ದಿನ "ನನ್ ಮಗನ್ನ ನೋಡ್ಬೇಕು ಕಣವ್ವ" ಎಂದು ಕೇತಮ್ಮ ಹಟ ಹಿಡಿದಾಗ, ಆಟೊದಲ್ಲಿ ಮುಖರ್ಜಿ ನಗರಕ್ಕೆ ಕರೆತಂದಳು.

ಮೂರು ಮಹಡಿ ಹತ್ತಿ ಬಂದ ಕೇತಮ್ಮ ಮಂಚದ ಮೇಲೆ ಕೂತು ಏದುಸಿರು ಬಿಟ್ಟಳು. ಧಾರಿಣಿ ಕಿಟಕಿಯ ಬಳಿ ನಿಂತಳು. ಅಣ್ಣನ ಮಗನ ಕೆನ್ನೆ ಸವರಿದಳು. "ಬಡವಾಗಿದ್ದೀಯಲ್ಲೋ ಜಡೆಯ" ಎಂದು ಚೀಲದಿಂದ ಸುಟ್ಟ ಕಾಡುಗೆಣಸು ತೆಗೆದಳು. ಒಂದು ಸಣ್ಣ ಸೀಸೆಯಲ್ಲಿ ಜೇನನ್ನೂ ತಂದಿದ್ದಳು. "ಫಾರೆಸ್ಟ್ನೋರು ಕಾಡ್ನಲ್ಲಿ ಜೇನು ಕೀಳೋದ ನಿಲ್ಸವ್ರೆ. ಇದೇ ಕೊನೇದು, ನಿಂಗೇಂತ ಎತ್ತಿಟ್ಟಿದ್ದೆ."

ಅಷ್ಟರಲ್ಲಿ ಶ್ರೇಯಸ್ ಬ್ರೆಡ್ಡು ಹಿಡಿದುಕೊಂಡು ಒಳಗೆ ಬಂದು ಮಂಚದ ಕಡೆ ನೋಡಿದ. "ಯಾರು ಗೌಡ್ರೇ ಇವ್ರು?"

ಕೇಳಿದ್ದು ಇಷ್ಟೇ. ಅತ್ತೆ ಎಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಜಡೇಗೌಡ ಅತ್ತೆಯ ಬರಿಗಾಲು ನೋಡಿದ, ಮೂಗಿನ ಹಳೇ ನತ್ತು ನೋಡಿದ, ಶ್ರೇಯಸ್‌ನ ಮುಖ ನೋಡಿದ. "ಇವ್ರಾ... ಊರಲ್ಲಿ ನಮ್ಮನೆ ಕೆಲಸಕ್ಕೆ ಬರ್ತಾರೆ" ಎಂದ.

ಕೇತಮ್ಮನಿಗೇನು ಕನ್ನಡ ಬರುವುದಿಲ್ಲವೇ? ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮಂಚದಿಂದ ಇಳಿದು, ಸೆರಗು ಸರಿಮಾಡಿಕೊಂಡು, ಬಾಗಿಲ ಬಳಿ ಬರಿನೆಲದ ಮೇಲೆ ಕೂತಳು.

"ಹೂಂ ಬುದ್ದಿ, ಗೌಡ್ರ ಮನೆ ಕೆಲ್ಸದೋಳು ನಾನು" ಎಂದಳು ಶ್ರೇಯಸ್‌ಗೆ. ಜಡೇಗೌಡನ ಕಡೆ ತಿರುಗಿ, "ಗೆಣಸು ತಿನ್ನಿ ಬುದ್ದಿ" ಎಂದಳು.

ಎತ್ತಿ ಆಡಿಸಿದವಳು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆದವಳು, ಧಣಿಯನ್ನು ಕರೆದಂತೆ ಇವನನ್ನು ಬುದ್ದಿ ಎಂದಳು. ಜಡೇಗೌಡನಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಏನೂ ಅರಿಯದ ಶ್ರೇಯಸ್ ಮಾತ್ರ, "ಅರೆ ಆಂಟಿ, ನೆಲ ಏಕದಂ ಠಂಡಾ ಇದೆ, ಮೇಲೆ ಕೂತ್ಕೊಳ್ಳಿ" ಎಂದು ಒತ್ತಾಯ ಮಾಡುತ್ತಿದ್ದ. ಹೊರಗಿನವನಿಗೆ ಬಂದ ಮಾತು ಒಳಗಿನವನಿಗೆ ಬರಲಿಲ್ಲ.

ಕೇತಮ್ಮ ಆಟೊ ಹತ್ತಿ ಕೂತ ಮೇಲೆ ಧಾರಿಣಿ ಜಡೇಗೌಡನನ್ನು ಪಕ್ಕಕ್ಕೆ ಕರೆದಳು. ಅವಳ ಮುಖ ಕೆಂಪಾಗಿತ್ತು.

"ನಿಮಗೆ ಬೈಯೋಕೆ ನಂಗೀಗ ಪುರುಸೊತ್ತಿಲ್ಲ. ನಾಳೆ ಸಭೆಗೆ ಬನ್ನಿ. ಅವರ ಮಾತು ಗೊತ್ತಿದ್ದು ಇಂಗ್ಲಿಷೂ ಗೊತ್ತಿರೋರು ಒಬ್ರು ಬೇಕು."

"ಬಂದು ಏನಾಗ್ಬೇಕು?" ಜಡೇಗೌಡ ತಲೆ ಎತ್ತಲಿಲ್ಲ. "ಅಮೇರಿಕಾದಲ್ಲಿ ಹೋಗಿ ಮಾತಾಡಿದ್ರೆ ನಮ್ಮ ಕಾಡಲ್ಲಿ ಜೇನು ಕೀಳೋಕೆ ಬಿಡ್ತಾರಾ? ಅಲ್ಲಿ ಯಾರು ಕೇಳ್ತಾರೆ ಸೋಲಿಗರ ಮಾತು?"

"ನಾಳೆನೇ ಬಿಡ್ತಾರೆ ಅಂತ ನಾನೂ ಹೇಳಲ್ಲ. ಆದ್ರೆ ಹೋದ ಸೆಪ್ಟೆಂಬರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕಿನ ಘೋಷಣೆ ಒಪ್ಕೊಂಡಿದೆ, ಗೊತ್ತಾ? ನಮ್ಮ ದೇಶವೂ ಪರವಾಗಿ ಮತ ಹಾಕಿದೆ. ಅದರಲ್ಲಿ ಏನಿದೆ ಹೇಳ್ಲಾ? ಈ ಜನರ ಬಗ್ಗೆ ತೀರ್ಮಾನ ಮಾಡೋವಾಗ ಅವರೂ ಇರಬೇಕು. ಅವರ ಪರವಾಗಿ ಮಾತಾಡೋರನ್ನ ಅವರೇ, ಅವರ ಪದ್ಧತಿಯಂತೆ ಆರಿಸಬೇಕು. ನಿಮ್ಮ ಹಿರಿಯರು ನಿಮ್ಮತ್ತೆನ ಆರಿಸಿದ್ದು ಹಾಗೇ ಅಲ್ವಾ?"

"ಘೋಷಣೆ ಅಂದ್ರೆ ಕಾನೂನೇನಲ್ಲವಲ್ಲ."

"ಅಲ್ಲ. ಪೊಲೀಸ್ ಕಳಿಸಿ ಜಾರಿ ಮಾಡಿಸೋಕಾಗಲ್ಲ. ಆದ್ರೆ ನೀವೇ ಒಪ್ಪಿದ್ದೀರಲ್ಲ ಅಂತ ಸರ್ಕಾರವನ್ನ ಕೇಳೋಕೆ ಒಂದು ಆಧಾರ ಅದು. ಹಿಡ್ಕೊಂಡು ಕೇಳೋರೇ ಇಲ್ದಿದ್ರೆ ಯಾವ ಕಾನೂನು ತಾನೇ ಏನು ಮಾಡುತ್ತೆ? ನಿಮ್ಮೋರು ಹೋಗದೆ ಇದ್ರೆ ಆ ಕುರ್ಚಿ ಖಾಲಿ ಇರಲ್ಲ. ಬೇರೆ ಯಾರೋ ಕೂತು, ಸೋಲಿಗರಿಗೆ ಹೀಗೆ ಬೇಕಂತೆ ಅಂತ ಹೇಳಿ ಬರ್ತಾರೆ."

ಜಡೇಗೌಡ ಆಟೊದ ಕಡೆ ನೋಡಿದ. ಆಟೊದೊಳಗೆ ಅತ್ತೆ ಆ ಕಡೆ ಮುಖ ಮಾಡಿ ಕೂತಿದ್ದಳು.

ಮರುದಿನ ಲೋಧಿ ರಸ್ತೆಯ ಸಭಾಂಗಣಕ್ಕೆ ಅವನು ಹೋಗಿ ಹಿಂದಿನ ಸಾಲಿನಲ್ಲಿ ಕೂತ. "ಇಂಥ ಕಡೆ ಊಟ ಬಢಿಯಾ ಇರುತ್ತೆ, ಚಲೋ" ಎಂದು ಶ್ರೇಯಸ್ ಬೇರೆ ಬೆನ್ನು ಹತ್ತಿ ಬಂದಿದ್ದ.

ಆ ಸಂಸ್ಥೆಯಲ್ಲಿ ಚಂದ್ರಕಾಂತ ಎಂಬ ಕನ್ನಡಿಗರಿದ್ದರು. ಇಂಥ ವಿದೇಶಿ ಸಭೆಗಳಿಗೆ ವರ್ಷಗಳಿಂದ ಹೋಗಿ ಬಂದವರು. ಅವರು ಎದ್ದು ನಿಂತು ಸೋಲಿಗರ ಹೇಳಿಕೆ ಎಂದು ಇಂಗ್ಲಿಷಿನಲ್ಲಿ ಓದಿದರು. ಸೋಲಿಗರು ಜೇನಿನ ಕೆಲಸ ಬಿಡಲು ಸಿದ್ಧರಿದ್ದಾರೆ, ಅವರಿಗೆ ಹೊಲಿಗೆ ಯಂತ್ರ ಕೊಟ್ಟು ತರಬೇತಿ ಕೊಡಬೇಕು ಎಂದು ಅದರಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನೂ ತಿಳಿಯದೆ ಕೂತಿದ್ದವಳು ಕೇತಮ್ಮ ಒಬ್ಬಳೇ.

"ಏನು ಓದುದ್ರಿ ಸಾಮಿ?" ಎಂದು ಕೇಳಿದಳು.

"ನಿಮ್ಮ ಮಾತೇ ಅಮ್ಮ, ಸ್ವಲ್ಪ ಚೆನ್ನಾಗಿ ಬರೆದಿದೀನಿ. ನೀವಲ್ಲಿಗೆ ಬಂದು ಯಾಕೆ ಕಷ್ಟಪಡ್ತೀರಿ? ನಾನೇ ಓದಿಬಿಟ್ಟು ಬರ್ತೀನಿ. ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ."

"ಅಮ್ಮ, ಒತ್ತಬೇಡಿ" ಎಂದು ಧಾರಿಣಿ ಎದ್ದಳು. "ಅದು ನೀವು ಹೇಳಿದ್ದಲ್ಲ."

ಚಂದ್ರಕಾಂತರಿಗೆ ಸಿಟ್ಟು ಬಂತು. "ನೀನೇನು ಸೋಲಿಗರವಳೇನಮ್ಮ? ಅವರೋರು ಯಾರಾದ್ರೂ ಹೇಳ್ಲಿ, ಕೇಳ್ತೀನಿ."

ಕೇತಮ್ಮ ಇಬ್ಬರನ್ನೂ ನೋಡಿದಳು. "ಇಬ್ರೂ ಓದ್ದೋರು. ಒಬ್ರು ಹೌದಂತೀರಿ, ಒಬ್ರು ಅಲ್ಲಂತೀರಿ. ನಾನ್ಯಾರ ನಂಬ್ಲಿ? ಇಲ್ಲಿ ನಮ್ಮೋರು ಯಾರಾರ ಅವ್ರಾ?"

ಹಾಗೆ ಕೇಳಿದವಳು ಹಿಂದಿನ ಸಾಲಿನ ಕಡೆ ತಿರುಗಲಿಲ್ಲ. ಅಣ್ಣನ ಮಗ ಅಲ್ಲಿ ಕೂತಿರುವುದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ಅವನ ಗೆಳೆಯ ಇರುವುದೂ ಗೊತ್ತಿತ್ತು. ಅವನ ಮಾನ ಹೋಗದಿರಲಿ ಎಂದು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಜಡೇಗೌಡನಿಗೆ ಅದು ಅರ್ಥವಾಯಿತು. ಬುದ್ದಿ ಎಂದು ಕರೆಸಿಕೊಂಡಾಗ ಆಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅವನು ಎದ್ದು ನಿಂತ. "ನಾನಿದೀನಿ."

"ನೀವ್ಯಾರು?" ಎಂದರು ಚಂದ್ರಕಾಂತ.

"ನಾನು ಸೋಲಿಗ. ಇವಳು ನನ್ನತ್ತೆ. ಇವಳ ಕೈತುತ್ತು ತಿಂದು ಬೆಳೆದೋನು."

ಶ್ರೇಯಸ್ ಬಾಯಿ ತೆರೆದುಕೊಂಡು ಕೂತ. ಕೇತಮ್ಮ ಈಗ ತಿರುಗಿದಳು. ದನಿ ಏರಿಸದೆ, "ನೆನ್ನೆ ಕೆಲ್ಸದೋಳಾಗಿದ್ದೆ, ಇವತ್ತು ಅತ್ತೆ ಆದ್ನಾ ಜಡೆಯ?" ಎಂದು ಕೇಳಿದಳು.

ಕನ್ನಡ ಬಲ್ಲವರೆಲ್ಲ ನೆಲ ನೋಡಿದರು.

"ತಪ್ಪಾಯ್ತು ಅತ್ತೆ."

"ತಪ್ಪಿನ ಮಾತು ಆಮ್ಯಾಕೆ. ಅದ್ರಲ್ಲೇನದೆ, ಮೊದ್ಲು ಅದ ಹೇಳು."

ಜಡೇಗೌಡ ಆ ಹೇಳಿಕೆಯನ್ನು ಕೈಗೆ ತೆಗೆದುಕೊಂಡು, ಪೋಡಿನ ಮಾತಿನಲ್ಲಿ ಒಂದೊಂದೇ ಸಾಲು ಬಿಡಿಸಿ ಹೇಳಿದ. ಹೊಲಿಗೆ ಯಂತ್ರ ಬಂದಾಗ ಕೇತಮ್ಮ ನಕ್ಕಳು. ಜೇನು ಬಿಡುವ ಮಾತು ಬಂದಾಗ ಅವಳ ಕಣ್ಣಲ್ಲಿ ನೀರು ಬಂತು.

"ಸಾಮಿ, ನಾವು ಜೇನು ಕಿತ್ತಾಗ ತಟ್ಟಿಯ ಒಂದು ಪಾಲ ಹುಳಕ್ಕೇಂತ ಬಿಟ್ಟು ಬತ್ತೀವಿ. ಬಾಯಿಲ್ಲದ ಹುಳದ ಪಾಲ ನಾವು ಮುಟ್ಟಕಿಲ್ಲ. ಬಾಯಿರೋ ನಮ್ಮನ್ನ ಒಂದು ಮಾತು ಕೇಳ್ದೆ ನಮ್ಮ ಪಾಲ ತೆಗೆದು ಕೊಟ್ಬುಟ್ರಲ್ಲ ನೀವು!"

ಜಡೇಗೌಡ ಅದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಂದ್ರಕಾಂತರ ಮುಖ ಸಣ್ಣದಾಗಿತ್ತು. "ಒಳ್ಳೇದಾಗ್ಲಿ ಅಂತಲೇ ಬರೆದೆ ಅಮ್ಮ. ಓದಿ ಹೇಳಬೇಕು ಅಂತ ಹೊಳೀಲೇ ಇಲ್ಲ" ಎಂದರು. ಪಾಪ, ಸುಳ್ಳಲ್ಲ ಅದು. ಇಷ್ಟು ವರ್ಷ ಹೊಳೆಯದೇ ಇದ್ದದ್ದೇ ನಾಚಿಕೆಯ ವಿಷಯ.

ಸಂಜೆಯೊಳಗೆ ತೀರ್ಮಾನವಾಯಿತು. ನ್ಯೂಯಾರ್ಕಿಗೆ ಕೇತಮ್ಮನೇ ಹೋಗುವುದು, ಅವಳ ಮಾತನ್ನು ಇಂಗ್ಲಿಷಿಗೆ ದಾಟಿಸಲು ಜಡೇಗೌಡ ಜೊತೆಗೆ ಹೋಗುವುದು, ವೀಸಾ ಓಡಾಟ ಚಂದ್ರಕಾಂತರದ್ದು. ಇನ್ನು ಮುಂದೆ ಯಾವ ಹೇಳಿಕೆಯನ್ನಾದರೂ ಆ ಜನರಿಗೆ ಅವರದೇ ಮಾತಿನಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಕೇಳಬಾರದು ಎಂದೂ ಎಲ್ಲರೂ ಒಪ್ಪಿದರು.

ಬಿಟ್ಟುಹೋಗಿದ್ದ ಚೀಲಕ್ಕೆಂದು ಕೇತಮ್ಮ ಮತ್ತೆ ಕೋಣೆಗೆ ಬಂದಳು. ಅವಳ ಹಿಂದೆಯೇ ಒಳಗೆ ಬಂದ ಶ್ರೇಯಸ್, ಜಡೇಗೌಡನಿಗೆ "ಸಾರಿ ಕಣೋ. ಕೋಟಾ ಅಂತೆಲ್ಲ ಏನೇನೋ ಅಂದ್ಬಿಟ್ಟಿದೀನಿ" ಎಂದ. ಜಡೇಗೌಡ ಮಂಚದ ಮೇಲಿನ ರಜಾಯಿ ಕೊಡವಿ ಹಾಸಿದ.

"ಕೂತ್ಕೊ ಅತ್ತೆ."

ಕೇತಮ್ಮ ಮಂಚ ನೋಡಿದಳು, ಅವನನ್ನು ನೋಡಿದಳು. ಬಾಗಿಲ ಬಳಿ ನೆಲದ ಮೇಲೆಯೇ ಕೂತಳು.

"ಇವತ್ತು ನೀನು ‘ನಾನು ಸೋಲಿಗ’ ಅಂತ ಒಂದ್ಸಲ ಅಂದೆ. ಆ ದೊಡ್ಡ ಸಭೇಲೂ ಅನ್ನು, ನಾಳೆ ಸಾಹೇಬ ಆದ್ಮೇಲೂ ಅನ್ನು. ಆಗ ನಿನ್ ಮಂಚದ ಮೇಲೆ ಕೂರ್ತೀನಿ."

ಜಡೇಗೌಡ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಶ್ರೇಯಸ್ಸೂ ಬಂದು ಕೂತ. ನೆಲ ಕೊರೆಯುತ್ತಿತ್ತು. ನಿನ್ನೆಯ ಗೆಣಸನ್ನು ಕೇತಮ್ಮ ಮೂರು ಪಾಲು ಮಾಡಿದಳು.

ಓದಿದಿರಲ್ಲ, ಈಗ ನಿಮಗೊಂದು ಮಾತು. ನೀವು ಸೋಲಿಗರೋ ಜೇನುಕುರುಬರೋ ಕೊರಗರೋ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ನಿಮ್ಮ ಪರವಾಗಿ ಮಾತಾಡುವವರನ್ನು ನೀವೇ ಕೂತು ಆರಿಸಿ. ತಿಳಿಯದ ಭಾಷೆಯಲ್ಲಿ ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಬೇಡಿ, "ನಮ್ಮ ಮಾತಲ್ಲಿ ಓದಿ ಹೇಳಿ" ಎಂದು ಕೇಳಿ. ಗ್ರಾಮಸಭೆಯಾಗಲಿ ವಿಶ್ವಸಂಸ್ಥೆಯಾಗಲಿ, ಹಾಗೆ ಕೇಳುವುದು ನಿಮ್ಮ ಹಕ್ಕು. ನೀವು ಆ ಜನರಲ್ಲದಿದ್ದರೆ, ಅವರ ಬಗ್ಗೆ ಸಭೆ ನಡೆದ ಕಡೆಯೆಲ್ಲ ಎದ್ದು ನಿಂತು, ಅವರು ಆರಿಸಿ ಕಳಿಸಿದವರು ಎಲ್ಲಿ ಎಂದು ಕೇಳಿ. ಉತ್ತರ ಬರುವ ತನಕ ನೀವೂ ಕುರ್ಚಿಯಲ್ಲಿ ಕೂರಬೇಡಿ.